ನಲವತ್ತೆರಡರ ನಂತರ ನಲವತ್ತಾರು

ಮಾರ್ಚ್ 4, ಮಂಗಳವಾರ

ನಿನ್ನೆಯ ಹಾಳೆ ಹರಿದು ಹಾಕಿದೆ. ಚಹಾ ಚೆಲ್ಲಿತ್ತು. ಡೈರಿ ಬರೆಯುವ ನನ್ನ ಶಪಥಗಳೆಲ್ಲ ಹೀಗೇ, ಬರೆದದ್ದಕ್ಕಿಂತ ಹರಿದದ್ದು ಹೆಚ್ಚು.

ಡೈರಿ ಅಕ್ಕ ಕೊಟ್ಟದ್ದು. ಅವಳ ಆಸ್ಪತ್ರೆಯ ಔಷಧ ವಿಭಾಗಕ್ಕೆ ಯಾವುದೋ ಮಾತ್ರೆ ಕಂಪನಿಯವರು ಬಿಟ್ಟಿ ಹಂಚಿದ್ದಂತೆ. ಪ್ರತಿ ಹಾಳೆಯ ನೆತ್ತಿಯ ಮೇಲೂ ‘ವೈದ್ಯರ ಸಲಹೆಯಂತೆ ಮಾತ್ರ’ ಎಂದು ಅಚ್ಚಾಗಿದೆ. ಯಾರ ಸಲಹೆಯೂ ಇಲ್ಲದೆ ಬರೆಯುತ್ತಿದ್ದೇನೆ. ಅಡ್ಡಪರಿಣಾಮಗಳಿಗೆ ನಾನೇ ಹೊಣೆ.

ಹನ್ನೊಂದು ವರ್ಷದಿಂದ ಅಕ್ಕ ತಂಗಿ ಇಬ್ಬರೂ ಒಂದೇ ಸೂರಿನಡಿ ಇದ್ದೇವೆ. ನಾನು ಮಾಡುವ ಕೆಲಸವೇನು ಎಂದು ಅವಳು ಕೇಳಿದ್ದು ಇವತ್ತು, ಊಟಕ್ಕೆ ಕೂತಾಗ. ಬೆರಳಿಗೆ ಉಂಗುರ ತೊಡಿಸುವವನು ಸಿಗದೆ ಉಂಗುರದೊಳಗೇ ಕೆಲಸಕ್ಕೆ ಸೇರಿಕೊಂಡೆ ಎಂದೆ. ನಗಲಿಲ್ಲ. ಸರಿ, ಬಿಡಿಸಿ ಹೇಳಿದೆ. ಒಂದು ಸುತ್ತು ನಡೆದರೆ ಕಾಲು ಗಂಟೆ ಹಿಡಿಯುವಷ್ಟು ದೊಡ್ಡ ಉಂಗುರ. ಅದರೊಳಗೆ ಸುತ್ತುವ ಕಣಗಳಿಂದ ಕ್ಷ-ಕಿರಣ ಹೊರಡುತ್ತೆ. ಆ ಕಿರಣ ಸೀಸದ ಗೋಡೆಯ ಕೋಣೆಗಳಿಗೆ ಇಳಿಯುತ್ತೆ. ಬೇರೆ ಬೇರೆ ಕಡೆಯ ವಿಜ್ಞಾನಿಗಳು ತಮ್ಮ ತಮ್ಮ ವಸ್ತು ತಂದು ಅಲ್ಲಿ ಚಿತ್ರ ತೆಗೆಸಿಕೊಂಡು ಹೋಗ್ತಾರೆ. ಎಷ್ಟು ನಿಮಿಷ ಕಿರಣ ಬಿಡಬೇಕು, ಬಂದ ಚಿತ್ರವನ್ನು ಹೇಗೆ ಜೋಡಿಸಬೇಕು ಎಂಬ ಲೆಕ್ಕಕ್ಕೆ ನಾನು ನೋಟ್‌ಬುಕ್ ಬರೆದುಕೊಡ್ತೀನಿ. ಕಾಗದದ್ದಲ್ಲ, ಪರದೆಯ ಮೇಲಿನದು. ಪುಟದ ತುಂಬ ಚೌಕಗಳು. ಅವಕ್ಕೆ ಸೆಲ್ ಅಂತಾರೆ. ಒಂದೊಂದರಲ್ಲೂ ನಾಲ್ಕೈದು ಸಾಲಿನ ಆಜ್ಞೆ. ಒತ್ತಿದರೆ ಓಡುತ್ತೆ, ಎಡಗಡೆಯ ಆವರಣದಲ್ಲಿ ಎಷ್ಟನೆಯದಾಗಿ ಓಡಿತು ಎಂಬ ಸಂಖ್ಯೆ ಬೀಳುತ್ತೆ. ಮೇಲಿನದು ಬಿಟ್ಟು ಕೆಳಗಿನದು ಒತ್ತಿದರೂ ಕೇಳುವವರಿಲ್ಲ.

“ಯಾರು ಓಡಿಸೋದು?” ಅಂದಳು.

ಕರ್ನಲ್, ಅಂದೆ. ಆಜ್ಞೆಯನ್ನೆಲ್ಲ ಪಾಲಿಸುವ ಒಳಗಿನ ಯಂತ್ರಕ್ಕೆ ಆ ಹೆಸರು. ನನ್ನ ಕಣ್ಣಿಗೆ ಅವನು ದಪ್ಪ ಮೀಸೆಯ ದಂಡಿನ ಅಧಿಕಾರಿಯೇ. ಹೇಳಿದ್ದನ್ನು ಮಾಡ್ತಾನೆ, ಯಾಕೆ ಎಂದು ಕೇಳಲ್ಲ, ಮಾಡಿದ್ದನ್ನು ಮರೆಯಲ್ಲ. ನಾನು ಸೆಲ್ ಅಳಿಸಿದರೂ ಅದರಲ್ಲಿ ಹೇಳಿದ್ದು ಅವನ ತಲೆಯಲ್ಲಿ ಕೂತಿರುತ್ತೆ, ಅವನಿಗೆ ಹೊಸ ಜನ್ಮ ಕೊಡುವವರೆಗೆ. ಇದನ್ನೇ ರೀಸ್ಟಾರ್ಟ್ ಅನ್ನೋದು.

ಇಪ್ಪತ್ತನಾಲ್ಕಕ್ಕೆ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ರಿವ್ಯೂ. ಗುತ್ತಿಗೆ ಇನ್ನೂ ಮೂರು ವರ್ಷ ಮುಂದುವರಿಯುತ್ತೋ, ಮನೆಗೆ ಕಳಿಸ್ತಾರೋ. ಸಮಿತಿಯಲ್ಲಿ ನಮ್ಮ ಮುಖ್ಯಸ್ಥರೂ ಇದ್ದಾರೆ, ‘ಸರಿ ಸಾರ್’. ಯಾರು ಏನು ಹೇಳಿದರೂ ‘ಸರಿ’ ಅಂತಾರೆ. ಒಪ್ಪಿದರೋ, ಹೊರಡು ಅಂದರೋ ತಿಳಿಯಲು ಮೂರು ದಿನ ಬೇಕು. ಅವರ ಕಣ್ಣಿಗೆ ಬೀಳಲಿ ಅಂತ ನೋಟ್‌ಬುಕ್ಕನ್ನು ಚೊಕ್ಕ ಮಾಡಿದ್ದೇನೆ. ಒಂದು ಕಸಕಡ್ಡಿ ಇಲ್ಲ.

ಮಾರ್ಚ್ 6, ಗುರುವಾರ

ಮೂಳೆ ಡಾಕ್ಟರು ಬಂದರು. ನಿಜಕ್ಕೂ ಮೂಳೆಯ ಡಾಕ್ಟರೇ, ಮಕ್ಕಳ ಆಸ್ಪತ್ರೆಯವರು. ಐವತ್ತೈದರ ಹೆಂಗಸು, ಚಪ್ಪಲಿ ಸದ್ದಿಲ್ಲ, ಮಾತು ಮಿತ. ಎಲುಬಿನವರ ಮುಂದೆ ನನ್ನ ಎಲುಬಿಲ್ಲದ ನಾಲಿಗೆ ಎರಡು ತಮಾಷೆ ಹರಿಯಬಿಟ್ಟಿತು. ಒಂದಕ್ಕೆ ಹುಬ್ಬೆತ್ತಿದರು, ಇನ್ನೊಂದಕ್ಕೆ ಅದೂ ಇಲ್ಲ.

ಏಳು ಡಬ್ಬಿ ತಂದಿದ್ದಾರೆ. ಒಂದರಿಂದ ಆರು ದನದ ಮೂಳೆಯ ತೆಳು ಚೂರುಗಳು, ಡಬ್ಬಿಗೆ ಎರಡೆರಡು, ಅಭ್ಯಾಸಕ್ಕೆ. ಏಳನೆಯದನ್ನು ತಣ್ಣನೆಯ ಪೆಟ್ಟಿಗೆಯಿಂದ ಹೊರಗೇ ತೆಗೆಯಲಿಲ್ಲ.

ಒಂದನೇ ನಂಬರ್ ಇಟ್ಟೆವು. ಕೋಣೆಯೊಳಗೆ ಯಾರೂ ಇಲ್ಲ ಎಂದು ಒಂದು ಸುತ್ತು ನೋಡಿ, ಮೂಲೆಯ ಗುಂಡಿ ಒತ್ತಿ, ಗಂಟೆ ಹೊಡೆಯುತ್ತಿದ್ದಂತೆ ಹೊರಬಂದು ಬಾಗಿಲು ಹಾಕಿದೆ. ನೋಟ್‌ಬುಕ್ ಹದಿನೈದೂವರೆ ನಿಮಿಷ ಎಂದಿತು. ಬಿಟ್ಟೆವು. ತೆಗೆದು ನೋಡಿದರೆ ಚೂರಿನ ಅಂಚು ಒಂದಿಷ್ಟು ಕಂದು.

ಇದು ಹೀಗೇ ಆಗುತ್ತಾ ಎಂದು ಕೇಳಿದರು. ಹಳೇ ಮೂಳೆ ಡಾಕ್ಟರೇ, ಆಗುತ್ತೆ ಎಂದೆ. ಯಾಕೆ ಹಾಗೆಂದೆನೋ. ನನಗೆ ಮೂಳೆಯ ಬಗ್ಗೆ ಗೊತ್ತಿರುವುದೆಲ್ಲ, ಅದು ನನ್ನ ಮೈಯಲ್ಲೂ ಇದೆ ಅನ್ನೋದು ಮಾತ್ರ.

ಮಾರ್ಚ್ 7, ಶುಕ್ರವಾರ

ಎರಡು, ಮೂರು. ಎರಡೂ ಕಂದು. ರೊಟ್ಟಿ ಸುಡುವವಳಾಗಿದ್ದರೆ ಈ ಬಣ್ಣಕ್ಕೆ ಭೇಷ್ ಎನ್ನುತ್ತಿದ್ದರು.

ಮಾರ್ಚ್ 10, ಸೋಮವಾರ

ನಾಲ್ಕನೆಯದರ ಅಂಚು ಮುಟ್ಟಿದರೆ ಪುಡಿ. ಡಾಕ್ಟರು ಚಿಮಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ಬಹಳ ಹೊತ್ತು ನೋಡಿದರು. ಬೇರೊಂದು ಉಂಗುರದಲ್ಲಿ ಇದೇ ದಪ್ಪದ ಚೂರಿಗೆ ಸುಮಾರು ಎಂಟು ನಿಮಿಷ ಸಾಕಾಗಿತ್ತಲ್ಲ ಅಂದರು. ದೂರುವ ದನಿಯಲ್ಲ, ನೆನಪು ಮಾಡಿಕೊಳ್ಳುವ ದನಿ.

ನಮ್ಮ ಕಿರಣದ ಬಾಯಿಗೆ ಈ ತಿಂಗಳು ಹೊಸ ಕಿಟಕಿ ಕೂರಿಸಿದ್ದೇವೆ, ಅದು ಐದರಲ್ಲಿ ಒಂದು ಪಾಲು ಕಿರಣ ತಡೆಯುತ್ತೆ, ಅದಕ್ಕೇ ನಮಗೆ ಹೆಚ್ಚು ಹೊತ್ತು ಬೇಕು ಎಂದು ವಿವರಿಸಿದೆ. ಒಂದೊಂದು ಪದವೂ ನಿಜ. ನಿಜ ಹೇಳುವಾಗ ಅಂಗೈ ಯಾಕೆ ಬೆವರಿತೋ ತಿಳಿಯದು.

ಸಂಜೆ ಬಸ್ಸಿನಲ್ಲಿ ಬೆರಳು ಮಡಚಿ ಲೆಕ್ಕ ಹಾಕಿದೆ. ಎಂಟು ನಿಮಿಷದ ಕೆಲಸ. ಐದರಲ್ಲಿ ಒಂದು ಪಾಲು ತಡೆದರೆ ಹತ್ತು ನಿಮಿಷ.

ಹದಿನೈದೂವರೆ ಅಲ್ಲ.

ಬೆರಳ ಲೆಕ್ಕ ತಪ್ಪಿರಬೇಕು. ನಾನು ಬೆರಳಲ್ಲಿ ಲೆಕ್ಕ ಹಾಕುವವಳಲ್ಲವಲ್ಲ, ಅದಕ್ಕೇ ನನಗೆ ಸಂಬಳ.

ಮಾರ್ಚ್ 11, ಮಂಗಳವಾರ

ನೋಟ್‌ಬುಕ್ಕಿನ ಮೇಲ್ಭಾಗಕ್ಕೆ ಹೋದೆ. ಅಲ್ಲಿನ ಸೆಲ್‌ಗಳನ್ನು ಮೂರನೇ ತಾರೀಕು ಓಡಿಸಿದ್ದು, ಮತ್ತೆ ಮುಟ್ಟಿಲ್ಲ. ಎಡಗಡೆಯ ಸಂಖ್ಯೆ ಓದಿದೆ. ನಲವತ್ತು, ನಲವತ್ತೊಂದು, ನಲವತ್ತೆರಡು. ಅದರ ಕೆಳಗೆ ನಲವತ್ತಾರು.

ಊಟ ಸೇರಲಿಲ್ಲ. ಹೊಟ್ಟೆ ಕೆಟ್ಟಿದೆ ಎಂದಿದ್ದಕ್ಕೆ ಅಕ್ಕ ಮಾತ್ರೆ ಕೊಟ್ಟಳು. ನುಂಗಿದೆ. ಸುಳ್ಳಿಗೂ ಒಂದು ಮಾತ್ರೆ ಇದೆ.

ಮಾರ್ಚ್ 12, ಬುಧವಾರ

ಐದನೆಯದು ಕಂದು.

ನಡುವೆ ಕಾಣೆಯಾದ ಆ ಮೂರು ಸಂಖ್ಯೆ ಯಾವುದಾದರೂ ಆಗಿರಬಹುದು. ಏನೋ ಪರೀಕ್ಷೆ ಮಾಡಿರಬಹುದು, ತಪ್ಪು ಬೆರಳು ಬಿದ್ದಿರಬಹುದು. ಹೊಸ ಕಿಟಕಿಗೆಂದು ಸೇರಿಸಿದ ತಿದ್ದುಪಡಿಯ ಅಂಕಿ ಕರ್ನಲನ ಹತ್ತಿರ ಎಷ್ಟಿದೆ ಎಂದು ಒಂದು ಪದ ಟೈಪು ಮಾಡಿ ಒತ್ತಿದರೆ ಹೇಳಿಬಿಡ್ತಾನೆ. ಇವತ್ತು ಹದಿನಾಲ್ಕು ಸಲ ಕುರ್ಚಿ ಎಳೆದುಕೊಂಡು ಕೂತೆ. ಒಮ್ಮೆ ಪದವನ್ನೂ ಬರೆದೆ. ಆಗ ಸರಿ ಸಾರ್ ಹಿಂದೆ ಬಂದು ನಿಂತು, ಡಾಕ್ಟರ ಕೆಲಸ ಹೇಗೆ ಸಾಗಿದೆಯಮ್ಮಾ ಅಂದರು. ಎಲ್ಲ ಚೆನ್ನಾಗಿದೆ ಸಾರ್ ಎಂದೆ. “ಸರಿ,” ಅಂದರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು. ಅವರು ಕುಂಬಳಕಾಯಿಯ ಹೆಸರೂ ಎತ್ತಿರಲಿಲ್ಲ. ನಾನೇ ಹೆಗಲು ಉಜ್ಜುತ್ತಿದ್ದೆ.

ಪದ ಅಳಿಸಿದೆ. ರಿವ್ಯೂಗೆ ಇನ್ನು ಹನ್ನೆರಡು ದಿನ.

ಮಾರ್ಚ್ 13, ಗುರುವಾರ

ಅಕ್ಕ ಆಸ್ಪತ್ರೆಯಿಂದ ಸುಸ್ತಾಗಿ ಬಂದಳು. ವಾರ್ಡಿನಲ್ಲಿ ಒಂದು ಅನಾಹುತ ಕೂದಲೆಳೆಯಲ್ಲಿ ತಪ್ಪಿತಂತೆ. ಹೊಸ ನರ್ಸ್ ಒಬ್ಬಳು ಅಜ್ಜನೊಬ್ಬನಿಗೆ ಇಂಜೆಕ್ಷನ್ ಕೊಟ್ಟಿದ್ದಾಳೆ, ಚೀಟಿಗೆ ಸಹಿ ಹಾಕುವಷ್ಟರಲ್ಲಿ ಫೋನ್ ಬಂದಿದೆ, ಹೋಗಿದ್ದಾಳೆ. ಪಾಳಿ ಬದಲಾಗಿ ಬಂದವಳು ಚೀಟಿ ಖಾಲಿ ಇರುವುದು ಕಂಡು ಮತ್ತೆ ಕೊಟ್ಟಿದ್ದಾಳೆ. ಎರಡು ಪಟ್ಟು.

“ಕೊಟ್ಟ ಕೈಯಲ್ಲೇ ಸಹಿ ಹಾಕಬೇಕು ಕಣೇ ಗಿಣಿ,” ಅಂದಳು. ಮಾತಿನ ಮಲ್ಲಿ ಅಂತ ಚಿಕ್ಕಂದಿನಿಂದ ನಾನು ಅವಳಿಗೆ ಗಿಣಿ. “ಸಹಿ ಇಲ್ಲದ ಡೋಸು ಕೊಟ್ಟಿದ್ದೂ ಅಲ್ಲ, ಕೊಡದೇ ಇದ್ದದ್ದೂ ಅಲ್ಲ.”

ಅಜ್ಜ ಉಳಿದನಾ ಎಂದು ಕೇಳಿದೆ. ಉಳಿದ. ಮೊದಲನೆಯವಳೇ ಬಸ್ ಸ್ಟಾಪಿನಿಂದ ವಾಪಸ್ ಓಡಿ ಬಂದು ಹೇಳಿದಳಂತೆ, ನಾನು ಕೊಟ್ಟಿದ್ದೀನಿ, ಬರೆದಿಲ್ಲ ಅಂತ.

“ಅವಳ ಕೆಲಸ ಉಳೀತಾ?”

ಅಕ್ಕ ಕೈ ತೊಳೆಯುತ್ತಿದ್ದವಳು ತಿರುಗಿ ನೋಡಿದಳು. “ಅದನ್ನ ನಾನು ಕೇಳಲಿಲ್ಲ.”

ಲಿಫ್ಟಿನ ಗುಂಡಿ ಹತ್ತು ಸಲ ಒತ್ತಿದರೂ ಲಿಫ್ಟು ಒಂದೇ ಸಲ ಬರುತ್ತೆ. ಎಲ್ಲ ಗುಂಡಿಯೂ ಹಾಗಲ್ಲ.

ಮಾರ್ಚ್ 14, ಶುಕ್ರವಾರ

ಕೇಳಿದೆ. ಕರ್ನಲ್ ಹೇಳಿದ: 0.512.

ಕಿಟಕಿಯಿಂದ ಐದರಲ್ಲಿ ನಾಲ್ಕು ಪಾಲು ಮಾತ್ರ ಬರುತ್ತೆ, ಅಂದರೆ 0.8. ‘ಈಗಿರುವ ತಿದ್ದುಪಡಿಯನ್ನು 0.8ರಿಂದ ಗುಣಿಸು’ ಎಂದು ಒಂದು ಸಾಲಿನ ಸೆಲ್ ಬರೆದಿದ್ದೆ. ಒತ್ತಿದರೆ ಕೆಳಗೆ ಉತ್ತರ ಕಾಣಿಸುವ ಸೆಲ್ ಅಲ್ಲ ಅದು. ಸುಮ್ಮನೆ ಗುಣಿಸಿ ಕೂರುತ್ತೆ. ಒತ್ತಿದೆನೋ ಇಲ್ಲವೋ ಎಂದು ಮತ್ತೆ ಒತ್ತಿದರೆ ಮತ್ತೆ ಗುಣಿಸುತ್ತೆ. ಒಂದು ಸಲ 0.8. ಎರಡು ಸಲ 0.64. ಮೂರು ಸಲ 0.512.

ಅಡುಗೆಮನೆ ಹಾದು ಹೋದವರೆಲ್ಲ ಪಾತ್ರೆಗೆ ಒಂದೊಂದು ಚಮಚ ಉಪ್ಪು ಹಾಕಿದ ಹಾಗೆ. ವ್ಯತ್ಯಾಸವೇನೆಂದರೆ ಮೂವರೂ ನಾನೇ.

ಅರ್ಧ ಕಿರಣ ಸೋರಿಹೋಗುತ್ತಿದೆ ಎಂದು ನೋಟ್‌ಬುಕ್ ನಂಬಿದೆ. ಅದಕ್ಕೇ ಒಂದೂವರೆ ಪಟ್ಟು ಹೊತ್ತು ಸುಡುತ್ತಿದೆ. ಆ ಸೆಲ್ಲನ್ನು ನಾನು ಅಳಿಸಿದ್ದೇನೆ. ಪುಟ ನೋಡಿದವರಿಗೆ ಗುರುತೇ ಸಿಗದು. ಕನ್ನಡಿಯಂಥ ಪುಟ.

ಮಧ್ಯಾಹ್ನ ಯಮನ ಓಲೆ ಬಂತು. ಸರ್ವರ್ ನೋಡಿಕೊಳ್ಳುವವನನ್ನು ನಾವೆಲ್ಲ ಕರೆಯುವುದು ಹಾಗೆ. ಪಾಪ, ಸಾಧು ಪ್ರಾಣಿ. ಆದರೆ ಹೆಚ್ಚು ದಿನ ಬದುಕಿದ ಕರ್ನಲ್‌ಗಳನ್ನು ಕೊಲ್ಲುವುದು ಅವನ ಕೆಲಸ. ಇಪ್ಪತ್ತೊಂದಕ್ಕೆ ಬೆಳಿಗ್ಗೆ ಹತ್ತಕ್ಕೆ ವಿದ್ಯುತ್ ರಿಪೇರಿ, ಎಲ್ಲ ಕರ್ನಲ್‌ಗಳೂ ಸಾಯುತ್ತವೆ, ಅವುಗಳ ಜೊತೆ ಅವುಗಳ ನೆನಪೂ, ಬೇಕಾದ್ದನ್ನು ಉಳಿಸಿಕೊಳ್ಳಿ ಎಂದು ಬರೆದಿದ್ದಾನೆ.

ಓದಿ ಮೈಯೆಲ್ಲ ಹಗುರಾಯಿತು. ಹೊಸ ಕರ್ನಲ್ ಹುಟ್ಟುತ್ತಾನೆ. 0.8 ಎಂದು ಹೇಳಿಕೊಡ್ತೀನಿ. ಹತ್ತು ನಿಮಿಷ ಎನ್ನುತ್ತಾನೆ. ಏಳನೆಯ ನಂಬರ್ ಇಡುವುದು ಆಮೇಲೆ. ಯಾರಿಗೂ ಏನೂ ಆಗಲ್ಲ. ಐದು ದನದ ಮೂಳೆ ಕಂದಾದವು, ಅಷ್ಟೇ ತಾನೇ. ದನ ಎಂದೋ ಸತ್ತಿದೆ.

ಯಮ ನನ್ನ ಪಾಲಿಗೆ ದೇವರಾಗಿ ಬಂದ.

ಮಾರ್ಚ್ 17, ಸೋಮವಾರ

ಆರನೆಯದಕ್ಕೂ ಅದೇ ಗತಿ. ನನಗೆ ಗೊತ್ತಿದ್ದೂ ಬಿಟ್ಟೆ. ತಡೆದರೆ ಯಾಕೆ ಎಂದು ಹೇಳಬೇಕಲ್ಲ. ಹದಿನೈದೂವರೆ ನಿಮಿಷ ಡಾಕ್ಟರ ಪಕ್ಕದಲ್ಲಿ ಕೂತು ಗೋಡೆಯ ಗಡಿಯಾರ ನೋಡಿದೆ. ಹತ್ತು ನಿಮಿಷ ದಾಟಿದ ಮೇಲೆ ಮುಳ್ಳಿನ ಒಂದೊಂದು ಹೆಜ್ಜೆಯನ್ನೂ ಎಣಿಸಿದೆ.

ಡಾಕ್ಟರು ಆರೂ ಚೂರುಗಳನ್ನು ಸಾಲಾಗಿಟ್ಟು, ತಮ್ಮ ಪುಸ್ತಕದಲ್ಲಿ ಏನೋ ಬರೆದು, ಪೆನ್ನಿಗೆ ಮುಚ್ಚಳ ಹಾಕಿದರು. ಚಿತ್ರ ಪೂರ್ತಿಯಾಗುವ ಮೊದಲೇ ಚೂರು ಸುಟ್ಟುಹೋಗುತ್ತೆ ಎಂಬುದು ಖಚಿತವಾಯಿತಂತೆ. ಒಂದೇ ಚೂರಿನಲ್ಲಿ ಆಗದ ಕೆಲಸ. ಅರ್ಧ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ. ಆದ್ದರಿಂದ ಮಗುವಿನಿಂದ ಇನ್ನೊಂದು ತುಣುಕು ತೆಗೆಯಬೇಕು.

ಯಾವ ಮಗು ಎಂದು ಕೇಳಿದೆ. ಹನ್ನೊಂದು ದಿನದಲ್ಲಿ ಮೊದಲ ಸಲ ಕೇಳಿದೆ.

ಒಂಬತ್ತು ವರ್ಷದ ಹುಡುಗಿ, ಏಳನೆಯ ಡಬ್ಬಿಯಲ್ಲಿರುವುದು ಅವಳ ಮೂಳೆ. ಮೂಳೆ ಸೀಮೆಸುಣ್ಣದಂತೆ ಮುರಿಯುವ, ಹೆಸರಿಲ್ಲದ ಕಾಯಿಲೆ. ಯಾವ ಔಷಧ ಕೊಡಬೇಕೆಂಬುದು ಈ ಚಿತ್ರದಿಂದ ತಿಳಿಯಬೇಕು. ಸೊಂಟದಿಂದ ಒಂದು ತುಣುಕು ತೆಗೆದದ್ದಕ್ಕೇ ಏಳು ವಾರ ಮಲಗಿದ್ದಳು. ಎರಡನೇ ಸಲ ತೆಗೆಯುವಾಗ ಸೊಂಟದ ಮೂಳೆಯೇ ಬಿರುಕು ಬಿಡಬಹುದು. “ಬೇರೆ ದಾರಿ ಇಲ್ಲ,” ಅಂದರು ಡಾಕ್ಟರು. ಇಪ್ಪತ್ತೆರಡಕ್ಕೆ, ಶನಿವಾರ ಬೆಳಿಗ್ಗೆ, ಆಪರೇಷನ್.

ನನ್ನ ನಾಲಿಗೆಗೆ ಎಲುಬಿಲ್ಲ ಎಂದು ಬರೆದಿದ್ದೆ. ಇವತ್ತು ಬೆನ್ನಿಗೂ ಇಲ್ಲ ಎಂದು ತಿಳಿಯಿತು. ತಲೆಯಾಡಿಸಿ ಬಂದೆ.

ಮಾರ್ಚ್ 18, ಮಂಗಳವಾರ

0.8 ಎಂದು ಮೆಲ್ಲಗೆ ತಿದ್ದಿದರೂ ಆ ಆಪರೇಷನ್ ನಿಲ್ಲದು. ಮೂಳೆ ಸುಡುತ್ತೆ ಎಂದು ಡಾಕ್ಟರು ತೀರ್ಮಾನಿಸಿದ್ದಾರೆ. ಆ ತೀರ್ಮಾನ ನನ್ನ ಆರು ಕಂದು ಚೂರುಗಳಿಂದ ಬಂದದ್ದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಬಹುದು, ಚೆಲ್ಲಿದ ಹಾಲು ಕಣ್ಣು ಮುಚ್ಚಿದರೆ ತುಂಬದು.

ಹೇಳಲು ಹೊರಟೆ. ಡಾಕ್ಟರು ಉಪಾಹಾರದ ಕೋಣೆಯಲ್ಲಿ ಒಬ್ಬರೇ ಸೇಬು ಹೆಚ್ಚುತ್ತಿದ್ದರು. ಎದುರು ಕೂತೆ. ನೀರು ಬೇಕಾ ಅಂದೆ. ಅವರ ಮುಂದೆ ತುಂಬಿದ ಲೋಟವೇ ಇತ್ತು. ಅರ್ಧ ಸೇಬು ನನ್ನ ಕಡೆ ತಳ್ಳಿದರು. ತಿಂದು ಬಂದೆ.

ರಿವ್ಯೂಗೆ ಆರು ದಿನ. ಇದು ಹೊರಬಿದ್ದರೆ ರಿವ್ಯೂ ಇರುವುದೇ ಇಲ್ಲ. ಮತ್ತೆ ಯಾವ ಉಂಗುರದಲ್ಲೂ ನನಗೆ ಜಾಗವಿಲ್ಲ.

ಮಾರ್ಚ್ 19, ಬುಧವಾರ

ಹೇಳಲಿಲ್ಲ.

ಮಾರ್ಚ್ 20, ಗುರುವಾರ

ಮಧ್ಯಾಹ್ನ ಡಾಕ್ಟರು ಫೋನ್ ಹಿಡಿದುಕೊಂಡೇ ನನ್ನ ಮೇಜಿಗೆ ಬಂದರು. ಹುಡುಗಿ ಲೈನಿನಲ್ಲಿದ್ದಾಳೆ, ಯಂತ್ರ ಹೇಗಿದೆ ಎಂದು ಕೇಳುತ್ತಿದ್ದಾಳೆ, ನಿಮಗೆ ತಮಾಷೆಯಾಗಿ ಹೇಳಲು ಬರುತ್ತೆ, ಸ್ವಲ್ಪ ಹೇಳಿ ಅಂದರು. ನನ್ನ ತಮಾಷೆ ಅವರಿಗೆ ಕೇಳಿಸಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ.

ಫೋನ್ ತಗೊಂಡೆ. ಉಂಗುರದೊಳಗೆ ಸೈಕಲ್ಲಿನಲ್ಲಿ ಓಡಾಡ್ತೀವಿ ಅಂದೆ. ಮೀಸೆ ಕರ್ನಲ್ ಬಗ್ಗೆ ಹೇಳಿದೆ. ನಕ್ಕಳು. ನಗುವಾಗಲೂ ಮೈ ಅಲುಗದ ಹಾಗೆ ಎಚ್ಚರವಾಗಿ ನಕ್ಕಂತಿತ್ತು. ಆಮೇಲೆ ಕೇಳಿದಳು:

“ಆಂಟಿ, ಮೊದಲನೇ ಸಲ ತೆಗೆದದ್ದು ಸಾಲಲಿಲ್ವಾ?”

ಡಾಕ್ಟರು ನನ್ನನ್ನೇ ನೋಡುತ್ತಿದ್ದರು.

“ನೋಡ್ತೀನಿ ಕಂದಾ,” ಎಂದು ಫೋನ್ ವಾಪಸ್ ಕೊಟ್ಟೆ.

ಮನೆಗೆ ಬಂದವಳು ಚಪ್ಪಲಿ ಬಿಚ್ಚದೆ ಮೆಟ್ಟಿಲ ಮೇಲೇ ಕೂತಿದ್ದೆನಂತೆ. ಅಕ್ಕ ಬಂದು ಪಕ್ಕದಲ್ಲಿ ಕೂತಳು. ನಾನೇ ಎಲ್ಲ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ. ನಾಳೆ ಎಷ್ಟು ಗಂಟೆಗೆ ಕರೆಂಟು ತೆಗೀತಾರೆ ಎಂದಷ್ಟೇ ವಿಚಾರಿಸಿದಳು. ಹತ್ತಕ್ಕೆ ಅಂದೆ. ಹಾಗಾದರೆ ಏಳೂವರೆ ಬಸ್ಸಿಗೆ ಹೋಗು ಅಂದಳು.

ಮಾರ್ಚ್ 21, ಶುಕ್ರವಾರ

ಏಳೂವರೆ ಬಸ್ಸು ತಪ್ಪಿಸಿದೆ. ಎಂಟೂವರೆಯದೂ ಬಿಟ್ಟೆ, ಕಣ್ಣೆದುರೇ. ಒಂಬತ್ತಕ್ಕೆ ಹತ್ತಿದೆ. ಉಂಗುರದ ಹಾಲ್ ಸೇರುವಾಗ ಒಂಬತ್ತು ನಲವತ್ತು. ಯಮ ಸರ್ವರ್ ಕೋಣೆಯ ಬಾಗಿಲಲ್ಲಿ ಕಾಗದ ಹಿಡಿದು ನಿಂತಿದ್ದ. ಒಂದೊಂದು ಕರ್ನಲನ್ನೂ ಮುಗಿಸಿ ಟಿಕ್ ಹಾಕುತ್ತಿದ್ದ. ನನ್ನದಕ್ಕೆ ಕೈ ಹಾಕಬೇಡ ಅಂದೆ. ಹತ್ತರವರೆಗೆ ಸಮಯ ಇದೆ ಮೇಡಂ, ಹದಿನೆಂಟು ದಿನ ಬದುಕಿದ್ದಾನೆ, ಇನ್ನಿಪ್ಪತ್ತು ನಿಮಿಷ ಬದುಕಲಿ ಅಂದ.

ಹಿಂದೆ ಓಡಿಸಿದ ಸಾಲುಗಳನ್ನು ಕರ್ನಲ್ ಸಂಖ್ಯೆಯ ಪ್ರಕಾರ ಇಟ್ಟುಕೊಂಡಿರುತ್ತಾನೆ. ನಲವತ್ತಮೂರನೆಯದು ಏನು ಎಂದು ಕೇಳಿದೆ. ‘ತಿದ್ದುಪಡಿಯನ್ನು 0.8ರಿಂದ ಗುಣಿಸು.’ ನಲವತ್ತನಾಲ್ಕು: ಅದೇ ಸಾಲು. ನಲವತ್ತೈದು: ಅದೇ ಸಾಲು. ಮೂರು ಸಾಲಿನ ನನ್ನ ಜಾತಕ.

ಅದರ ಪ್ರತಿ ತೆಗೆಸಿದೆ. ಪ್ರಿಂಟರ್ ಬಿಸಿಯಾಗಲು ತೆಗೆದುಕೊಂಡ ಹೊತ್ತಿನಲ್ಲಿ ಓಡಿಹೋಗಬಹುದಿತ್ತು. ಕಾಲು ಕೇಳಲಿಲ್ಲ.

ಡಾಕ್ಟರು ಪೆಟ್ಟಿಗೆ ಕಟ್ಟಿ, ಸಂಜೆಯ ರೈಲಿಗೆ ಆಸ್ಪತ್ರೆಗೆ ಹೊರಡಲು ಸಿದ್ಧವಾಗುತ್ತಿದ್ದರು. ಸರಿ ಸಾರ್ ಅವರ ಜೊತೆಗಿದ್ದರು, ಬೀಳ್ಕೊಡಲು. ಒಬ್ಬರಿಗೆ ಹೇಳುವುದೇ ಕಷ್ಟವಿತ್ತು, ಇಬ್ಬರಿಗೆ ಹೇಳಿದೆ. ಕಾಗದ ಮೇಜಿನ ಮೇಲಿಟ್ಟು, ಮೂಳೆ ಸುಟ್ಟದ್ದು ಮೂಳೆಯ ತಪ್ಪಲ್ಲ ಎಂದೆ. ಒಂದು ಸಲ ಒತ್ತಬೇಕಾದ್ದನ್ನು ಮೂರು ಸಲ ಒತ್ತಿದ್ದೇನೆ. ಹತ್ತು ನಿಮಿಷಕ್ಕೆ ಒಂದೇ ತುಣುಕು ಸಾಕು. ಮಗುವಿಗೆ ಕೈ ಹಾಕಬೇಡಿ.

ಡಾಕ್ಟರು ಮೂರು ಸಾಲನ್ನೂ ಬೆರಳಿಟ್ಟು ಓದಿದರು.

“ಎಷ್ಟು ದಿನದಿಂದ ಗೊತ್ತು?”

“ಏಳು ದಿನದಿಂದ.”

ನನ್ನ ಮುಖಕ್ಕೆ ಒಂದು ಮಾತೂ ಎಸೆಯಲಿಲ್ಲ. ಎಸೆದಿದ್ದರೆ ಹಿಡಿದುಕೊಂಡು ಅಳಬಹುದಿತ್ತು. ಅಲ್ಲೇ ನಿಂತು ಆಸ್ಪತ್ರೆಗೆ ಫೋನ್ ಮಾಡಿ, ನಾಳೆಯದು ಬೇಡ, ಕಾಯಿರಿ ಎಂದರು. ಆಮೇಲೆ ದನದ ಮೂಳೆಯಲ್ಲಿ ಉಳಿದಿದ್ದ ಒಂದು ಚೂರನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಮುಂದಿಟ್ಟರು.

ಸರಿ ಸಾರ್ ಕಾಗದ ಎತ್ತಿ ತಾವೂ ಓದಿದರು. ‘ಸರಿ’ ಅನ್ನಲಿಲ್ಲ. ಹೊರಗೆ ಹೋಗುವಾಗ ನನ್ನ ಕುರ್ಚಿಯ ಬೆನ್ನು ಮುಟ್ಟಿ, “ಮೊದಲು ಅದನ್ನ ಮಾಡಮ್ಮಾ,” ಎಂದು ಹೋದರು.

ಹತ್ತು ಗಂಟೆಗೆ ಪರದೆ ಕಪ್ಪಾಯಿತು.

ಮಾರ್ಚ್ 22, ಶನಿವಾರ

ವಿದ್ಯುತ್ ಬಂತು. ಹೊಸ ಕರ್ನಲ್. ಡಾಕ್ಟರು ಪಕ್ಕದಲ್ಲೇ ಕೂತರು. ಮೇಲಿನಿಂದ ಕೆಳಕ್ಕೆ ಒಂದೊಂದೇ ಸೆಲ್ ಓಡಿಸಿದೆವು. ಒಂದು, ಎರಡು, ಮೂರು, ಎಲ್ಲೂ ಹಾರಿಸದೆ. ತಿದ್ದುಪಡಿಯ ಸೆಲ್ಲನ್ನು ಮತ್ತೆ ಬರೆದು, ಎಷ್ಟು ಸಲ ಒತ್ತಿದರೂ 0.8 ಇರುವ ಹಾಗೆ ಮಾಡಿದೆ. ಓಡಿದ ಪ್ರತಿ ಸೆಲ್ಲಿಗೂ ಡಾಕ್ಟರು ಕಾಗದದಲ್ಲಿ ಸಹಿ ಹಾಕಿಸಿದರು. ನನ್ನದೊಂದು, ಅವರದೊಂದು.

ಹತ್ತು ನಿಮಿಷ. ದನದ ಚೂರು ಬೆಳ್ಳಗೇ ಇತ್ತು. ಡಾಕ್ಟರು ನಂಬಲಿಲ್ಲ, ಇನ್ನೊಂದು ಇಟ್ಟರು. ಅದೂ ಬೆಳ್ಳಗಿತ್ತು. ಇನ್ನೂ ನನ್ನನ್ನು ನಂಬಿಲ್ಲ. ನಾನಾದರೂ ನಂಬುತ್ತಿರಲಿಲ್ಲ.

ಮಾರ್ಚ್ 24, ಸೋಮವಾರ

ಏಳನೆಯ ಡಬ್ಬಿ ತೆರೆದರು. ಹುಡುಗಿಯ ಮೂಳೆ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಬೆಳಿಗ್ಗೆಯಿಡೀ ಅದನ್ನು ಕೂರಿಸುವುದರಲ್ಲೇ ಹೋಯಿತು, ಡಾಕ್ಟರ ಕೈ ನಡುಗದಂತೆ ನಾನು ಮೊಣಕೈ ಹಿಡಿದಿದ್ದೆ. ಸೀಸದ ಕೋಣೆಯನ್ನು ಮೂರು ಸುತ್ತು ನೋಡಿದೆ, ಒಳಗೆ ಯಾರೂ ಇಲ್ಲವಲ್ಲ ಎಂದು. ಒಂದು ಸುತ್ತು ಸಾಕು ಎಂದು ಡಾಕ್ಟರು ಹೇಳಲಿಲ್ಲ. ಗಂಟೆ ಹೊಡೆಯಿತು, ಬಾಗಿಲು ಹಾಕಿದೆ. ಹನ್ನೊಂದು ಹತ್ತು.

ಹತ್ತು ನಿಮಿಷದಲ್ಲಿ ನನಗೆ ಎಷ್ಟು ಸಾವು ಬಂದು ಹೋದವು. ಎಲ್ಲೋ ಇನ್ನೊಂದು ತಪ್ಪು ಇದೆ, ನಾನು ಅಳಿಸಿ ಮರೆತ ಇನ್ನೊಂದು ಸೆಲ್ ಇದೆ ಎಂದು ಖಚಿತವಾಗಿ ಅನ್ನಿಸಿತು. ಆರನೇ ನಿಮಿಷಕ್ಕೆ ನಿಲ್ಲಿಸೋಣ ಎಂದೆ. ಡಾಕ್ಟರು ಬೇಡವೆಂದು ತಲೆಯಲ್ಲಾಡಿಸಿದರು.

ಬಾಗಿಲು ತೆಗೆದೆವು. ಡಾಕ್ಟರು ಭೂತಗನ್ನಡಿ ಹಿಡಿದು ಬಗ್ಗಿದರು. ಎದ್ದು ಕನ್ನಡಿಯನ್ನು ನನಗೆ ಕೊಟ್ಟರು.

ಬೆಳ್ಳಗಿತ್ತು. ಅಂಚೂ ಬೆಳ್ಳಗಿತ್ತು.

ಸಂಜೆವರೆಗೆ ಚಿತ್ರ ಜೋಡಿಸಿದೆವು. ಪೂರ್ತಿ ಇದೆ. ಸಾಲುತ್ತೆ.

ಮಾರ್ಚ್ 25, ಮಂಗಳವಾರ

ಬೆಳಿಗ್ಗೆ ಅಕ್ಕ ಕಾಫಿ ಕೊಡುತ್ತಾ, “ನಿನ್ನೆ ರಿವ್ಯೂ ಏನಾಯ್ತೇ ಗಿಣಿ?” ಅಂದಳು.

ಲೋಟ ಹಿಡಿದು ನಿಂತೆ. ಯಾವ ರಿವ್ಯೂ ಎಂದು ಕೇಳಲು ಬಾಯಿ ತೆರೆದಿದ್ದೆ.

ಕಚೇರಿಗೆ ಹೋದಾಗ ಮೇಜಿನ ಮೇಲೆ ಸರಿ ಸಾರ್ ಬರೆದ ಚೀಟಿ ಇತ್ತು. ‘ಹನ್ನೊಂದರಿಂದ ಹನ್ನೆರಡರವರೆಗೆ ಕಾದೆವು.’ ಅಷ್ಟೇ. ಮುಂದೇನು ಎಂದು ತಿಳಿಯಲು ಮೂರು ದಿನ ಬೇಕು. ಭಯವಾಗುತ್ತಿದೆ. ಚೀಟಿಯನ್ನು ಎರಡು ಸಲ ಓದಿ, ಡಾಕ್ಟರ ಚಿತ್ರಗಳ ಕೆಳಗಿಟ್ಟು ಕೆಲಸಕ್ಕೆ ಕೂತೆ.

ಈಗ ಈ ಡೈರಿಯನ್ನು ಮೊದಲಿನಿಂದ ಓದಿದೆ, ಎಲ್ಲೂ ಹಾರಿಸದೆ. ಮೂರನೇ ತಾರೀಕಿನ ಹಾಳೆ ಇಲ್ಲ, ನಾನೇ ಹರಿದದ್ದು. ಅದರಲ್ಲಿದ್ದದ್ದು ಇಷ್ಟು:

‘ಹೊಸ ಕಿಟಕಿಯ ತಿದ್ದುಪಡಿ ಸೇರಿಸಿದೆ. ಒತ್ತುವಾಗ ಸರಿ ಸಾರ್ ಕರೆದರು, ವಾಪಸ್ ಬಂದು ಮತ್ತೆ ಒತ್ತಿದೆನೋ ಏನೋ, ಎಷ್ಟು ಸಲ ಎಂದು ಖಾತ್ರಿಯಿಲ್ಲ. ರೀಸ್ಟಾರ್ಟ್ ಮಾಡಿ ಮೊದಲಿನಿಂದ ಓಡಿಸಬೇಕು. ಒಂದು ಗಂಟೆ ಹಿಡಿಯುತ್ತೆ. ನಾಳೆ ನೋಡಿದರಾಯಿತು. ಸದ್ಯ ಆ ಸೆಲ್ ಅಳಿಸಿದ್ದೇನೆ, ಪುಟ ಚೆನ್ನಾಗಿ ಕಾಣುತ್ತೆ.’

ಡಾಕ್ಟರಿಗೆ ಏಳು ದಿನ ಎಂದಿದ್ದೆ. ಹದಿನೆಂಟು.

ಚಹಾ ಚೆಲ್ಲಿರಲಿಲ್ಲ.